ಟೆಲ್ ಮಿ ಸರಿ, ಎಕ್ಸ್‌ಪ್ಲೇನ್ ಮಿ ತಪ್ಪು ಅಂತಾರಲ್ಲ, ಇಂಗ್ಲಿಷಲ್ಲಿ ಈ ಟು, ಫಾರ್, ವಿತ್ ಎಲ್ಲಿ ಹಾಕ್ಬೇಕು, ಎಲ್ಲಿ ಬಿಡ್ಬೇಕು?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಚಳ್ಳಕೆರೆಯವರು, ಡಿಗ್ರಿ ಮುಗ್ಸಿ ಇಂಟರ್‌ವ್ಯೂಗೆ ರೆಡಿ ಆಗ್ತಿದೀರಿ, ಪ್ರಿಪೊಸಿಷನ್ ಪಟ್ಟಿ ಬಾಯಿಪಾಠ ಆಗೈತೆ ಆದ್ರೆ ಮಾತಾಡುವಾಗ ಟೆಲ್ ಟು ಹಿಮ್, ಲಿಸನ್ ಮಿ ಅಂತಾನೇ ಬಂದ್ಬಿಡ್ತತೆ, ಜೊತೆಗೆ ಬಿಟ್ವೀನ್ ಯು ಅಂಡ್ ಐ ಸರಿನೋ ಬಿಟ್ವೀನ್ ಯು ಅಂಡ್ ಮಿ ಸರಿನೋ ಅಂತ ಗೊಂದಲ. ನಾನು ದಾವಣಗೆರೆ ವಿದ್ಯಾನಗರದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳ್ಕೊಡ್ತೀನಿ, ಈ ಪ್ರಶ್ನೆ ಬರದೇ ಇರೋ ಬ್ಯಾಚೇ ಇಲ್ಲ ನೋಡ್ರಿ, ಅದ್ಕೇ ಸ್ವಲ್ಪ ಉದ್ದಕ್ಕೇ ಬರೀತೀನಿ.

ಸುಲಭದ್ದು ಮೊದ್ಲು ಮುಗ್ಸಿಬಿಡೋಣ. ಪ್ರಿಪೊಸಿಷನ್ ಆದ್ಮೇಲೆ ಬರೋದು ಮಿ, ಹಿಮ್, ಹರ್, ಅಸ್, ದೆಮ್. ಐ, ಹಿ, ಶಿ, ವಿ, ದೇ ಅಲ್ಲಿ ಬರಂಗಿಲ್ಲ. ಯು ಮತ್ತೆ ಇಟ್ ಎಲ್ಲಿದ್ರೂ ಹಂಗೇ ಇರ್ತವೆ. ಇದು ನಿಮ್ಗೂ ಗೊತ್ತು, ಕಮ್ ವಿತ್ ಐ ಅಂತ ಯಾರೂ ಅನ್ನಲ್ಲ. ಎಡವಟ್ಟಾಗೋದು ಇಬ್ರು ಸೇರ್ದಾಗ. ಮಂಡಿಪೇಟೆ ಬಟ್ಟೆ ಅಂಗಡೀಲಿ ಕೆಲಸ ಮಾಡೋ ಹುಡುಗ ಒಬ್ಬ ನಮ್ಮ ಕ್ಲಾಸಿಗೆ ಬರ್ತಾನೆ, ತಿರುಪ್ಪೂರಿನ ಪಾರ್ಟಿಗೆ ದಿನಾ ವಾಟ್ಸಾಪ್ ಮಾಡ್ಬೇಕು. ಅವ್ನು ಬರೆದಿದ್ದು, ಪ್ಲೀಸ್ ಸೆಂಡ್ ದ ಬಿಲ್ ಟು ಮೈ ಓನರ್ ಅಂಡ್ ಐ. ಓನರ್‌ನ ಒಂದು ನಿಮಿಷ ಪಕ್ಕಕ್ಕೆ ಸರ್ಸಿ ಓದ್ರಿ, ಸೆಂಡ್ ದ ಬಿಲ್ ಟು ಐ. ಕೇಳಿದ ತಕ್ಷಣ ಗೊತ್ತಾಗ್ತತಲ್ಲ? ಹಂಗಾಗಿ ಟು ಮೈ ಓನರ್ ಅಂಡ್ ಮಿ. ಬಿಟ್ವೀನ್‌ಗೂ ಅದೇ ಲೆಕ್ಕ, ಬಿಟ್ವೀನ್ ಯು ಅಂಡ್ ಮಿ. ಇಂಗ್ಲೆಂಡ್, ಅಮೆರಿಕದವರ ಬಾಯಲ್ಲೂ ಬಿಟ್ವೀನ್ ಯು ಅಂಡ್ ಐ ಕೇಳಿಸ್ತತೆ, ಸುಳ್ಳಲ್ಲ. ಚಿಕ್ಕವರಿದ್ದಾಗ ಮಿ ಅಂಡ್ ಜಾನ್ ವೆಂಟ್ ಅನ್ಬ್ಯಾಡ, ಜಾನ್ ಅಂಡ್ ಐ ಅನ್ನು ಅಂತ ತಿದ್ದಿಸ್ಕೊಂಡು ತಿದ್ದಿಸ್ಕೊಂಡು ಅಂಡ್ ಆದ್ಮೇಲೆ ಐ ಬಂದ್ರೇನೇ ಮರ್ಯಾದೆ ಅನ್ಸಿಬಿಟ್ಟಿರ್ತತೆ ಅಂತ ಇದಕ್ಕೆ ಸಾಮಾನ್ಯವಾಗಿ ಕಾರಣ ಕೊಡ್ತಾರೆ. ನೀವು ಪರೀಕ್ಷೆಲೂ ಇಂಟರ್‌ವ್ಯೂಲೂ ಮಿ ಅಂತಾನೇ ಅನ್ರಿ. ಆಫೀಸ್ ಮೇಲ್‌ನಲ್ಲಿ ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್ ಅಂತ ಬರೆಯೋ ಚಟಾನೂ ಬಿಡ್ರಿ, ಕಾಂಟ್ಯಾಕ್ಟ್ ಮಿ ಸಾಕು.

ಈಗ ಅಸಲಿ ವಿಷಯ. ನಮ್ಮವರಿಗೆ ಕಷ್ಟ ಆಗೋದು ಮಿ, ಹಿಮ್ ಅಲ್ಲ, ನಮ್ಮ ಗೆ ಪ್ರತ್ಯಯ. ಕನ್ನಡದಲ್ಲಿ ಅವನಿಗೆ ಹೇಳು, ಅವನಿಗೆ ಕೇಳು, ಅವನಿಗೆ ಫೋನ್ ಮಾಡು, ಅವನಿಗೆ ಹೆಲ್ಪ್ ಮಾಡು, ಅವನಿಗೆ ಅರ್ಥ ಮಾಡ್ಸು, ಅವನಿಗೆ ಕಾಯಿ, ಎಲ್ಲಾ ಕಡೆ ಒಂದೇ ಅವನಿಗೆ. ಶಾಲೇಲಿ ಗೆ ಅಂದ್ರೆ ಟು ಅಂತ ಹೇಳ್ಕೊಟ್ಟಿರ್ತಾರೆ, ನಾವೂ ಎಲ್ಲಾ ಕಡೆ ಟು ಹಿಮ್ ಅಂಟಿಸ್ಕೊಂಡು ಹೋಗ್ತೀವಿ, ಟೆಲ್ ಟು ಹಿಮ್, ಆಸ್ಕ್ ಟು ಹಿಮ್, ಕಾಲ್ ಟು ಹಿಮ್. ಇಂಗ್ಲಿಷಲ್ಲಿ ಟು ಬೇಕೋ ಬ್ಯಾಡ್ವೋ ಅಂತ ತೀರ್ಮಾನ ಮಾಡೋದು ಕ್ರಿಯಾಪದ. ಟೆಲ್, ಆಸ್ಕ್, ಕಾಲ್, ಹೆಲ್ಪ್, ಮೀಟ್, ಇನ್‌ಫಾರ್ಮ್, ಆನ್ಸರ್, ಟ್ರಸ್ಟ್, ಮ್ಯಾರಿ, ಇವಕ್ಕೆ ನಡುವೆ ಏನೂ ಬ್ಯಾಡ, ಟೆಲ್ ಹಿಮ್, ಆಸ್ಕ್ ಹರ್, ಕಾಲ್ ಮಿ. ಸೇ, ಎಕ್ಸ್‌ಪ್ಲೇನ್, ರಿಪ್ಲೈ, ಲಿಸನ್, ಬಿಲಾಂಗ್ ಇವಕ್ಕೆ ಟು ಬೇಕೇ ಬೇಕು, ಎಕ್ಸ್‌ಪ್ಲೇನ್ ಇಟ್ ಟು ಮಿ, ಲಿಸನ್ ಟು ಮಿ. ಆನ್ಸರ್‌ಗೂ ರಿಪ್ಲೈಗೂ ಅರ್ಥ ಹೆಚ್ಚುಕಮ್ಮಿ ಒಂದೇ, ಆದ್ರೂ ಆನ್ಸರ್ ಮಿ ಸರಿ, ರಿಪ್ಲೈ ಮಿ ತಪ್ಪು, ಇದನ್ನ ಅರ್ಥ ನೋಡಿ ಊಹೆ ಮಾಡಾಕೆ ಆಗಲ್ಲ, ಕಿವಿಗೆ ರೂಢಿ ಆಗ್ಬೇಕು. ವೇಟ್‌ಗೆ ಫಾರ್, ವೇಟ್ ಫಾರ್ ಮಿ. ಗಿವ್, ಸೆಂಡ್, ಶೋ ಎರಡೂ ಥರ ನಡೀತವೆ, ಗಿವ್ ಹಿಮ್ ದ ಪೆನ್ ಅನ್ರಿ, ಗಿವ್ ದ ಪೆನ್ ಟು ಹಿಮ್ ಅನ್ರಿ, ಎರಡೂ ಸರಿ. ಗಿವ್ ಟು ಹಿಮ್ ದ ಪೆನ್ ಮಾತ್ರ ಮಾಮೂಲಿ ಮಾತಲ್ಲಿ ಬರಲ್ಲ.

ನೀವು ಉದಾಹರಣೆಗೆ ಕೊಟ್ಟಿದ್ರಲ್ಲ, ಮೈ ಫಾದರ್ ಎಕ್ಸ್‌ಪ್ಲೇನ್ಡ್ ಮಿ ಅಂಡ್ ಐ ಟೋಲ್ಡ್ ಟು ಹಿಮ್ ಓಕೆ ಅಂತ, ಅದ್ರಲ್ಲಿ ಟು ಒಂದೇ ಒಂದೈತೆ, ಅದೂ ಬೇಡದ ಜಾಗಕ್ಕೆ ಹೋಗಿ ಕೂತೈತೆ. ಮೈ ಫಾದರ್ ಎಕ್ಸ್‌ಪ್ಲೇನ್ಡ್ ಇಟ್ ಟು ಮಿ ಅಂಡ್ ಐ ಟೋಲ್ಡ್ ಹಿಮ್ ಓಕೆ ಅನ್ರಿ.

ಟೆಲ್ ಹಿಮ್‌ನಲ್ಲಿ ಟು ಯಾಕಿಲ್ಲ ಅಂತ ಕೇಳ್ತೀರಿ ಅಂತ ಗೊತ್ತು. ಇದಕ್ಕೆ ಹಳೇ ಕಥೆ ಐತೆ, ನಂಗಂತೂ ಬಹಳ ಇಷ್ಟ. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ನಮ್ಮಂಗೇ ವಿಭಕ್ತಿ ಇದ್ವು. ಅವನನ್ನು ಅನ್ನಾಕೆ ಹಿನೆ ಅಂತ ಬೇರೆ ರೂಪ, ಅವನಿಗೆ ಅನ್ನಾಕೆ ಹಿಮ್. ಅಂದ್ರೆ ಹಿಮ್ ಹುಟ್ಟಿದ್ದೇ ಚತುರ್ಥಿ ವಿಭಕ್ತಿಯಾಗಿ, ಗೆ ಅದರ ಹೊಟ್ಟೆ ಒಳಗೇ ಇತ್ತು. ಆಮೇಲೆ ನಾಮಪದಗಳ ಪ್ರತ್ಯಯ ಒಂದೊಂದೇ ಸವೆದು ಹೋದ್ವು, ಹಿನೆ ಅನ್ನೋದು ಕಾಣೆ ಆಯ್ತು, ಹಿಮ್ ಒಂದೇ ಎರಡೂ ಕೆಲಸ ಮಾಡಾಕೆ ಹತ್ತಿತು, ಪ್ರತ್ಯಯ ಮಾಡ್ತಿದ್ದ ಕೆಲಸಾನ ಟು, ಫಾರ್, ವಿತ್, ಜೊತೆಗೆ ಪದಗಳ ಕ್ರಮ ಸೇರಿ ವಹಿಸ್ಕೊಂಡ್ವು. ಈಗ ರಾಜು ಅನ್ನೋ ಹೆಸ್ರು ಎಲ್ಲಿಟ್ರೂ ರಾಜೂನೇ, ಐ ಮಾತ್ರ ಮಿ ಆಗ್ತತೆ, ಹಿ ಮಾತ್ರ ಹಿಮ್ ಆಗ್ತತೆ, ಹಳೇ ವಿಭಕ್ತಿ ಹೆಚ್ಚಾಗಿ ಸರ್ವನಾಮದಲ್ಲೇ ಉಳ್ಕೊಂಡಿರೋದು. ಹಂಗಾಗಿ ನಾನು ಎಲ್ರಿಗೂ ಹೇಳೋದು ಒಂದೇ ಮಾತು, ಕ್ರಿಯಾಪದ ಕಲೀವಾಗ ಹೆಸರಿನ ಜೊತೆ ಕಲೀಬ್ಯಾಡ್ರಿ, ಮಿ, ಹಿಮ್, ಇಟ್, ದೆಮ್ ಜೊತೆ ಕಲೀರಿ, ಒಂದೇ ಉಸಿರಲ್ಲಿ. ಹೆಸರು ಇದ್ರೆ ತಪ್ಪು ಮುಚ್ಚಿ ಹೋಗ್ತತೆ, ಸರ್ವನಾಮ ಬಂದಾಗ ಸಿಕ್ಕಿಬೀಳ್ತತೆ.

ಇದಕ್ಕೆ ಒಳ್ಳೇ ಪುರಾವೆ ಅಂದ್ರೆ ಪಿಕ್ ಅಪ್ ಥರದ್ದು. ಪಿಕ್ ಅಪ್ ದ ಫೋನ್ ಅನ್ನಬಹುದು, ಪಿಕ್ ದ ಫೋನ್ ಅಪ್ ಅಂತಾನೂ ಅನ್ನಬಹುದು. ಫೋನ್ ತೆಗೆದು ಇಟ್ ಇಟ್ರೆ ಒಂದೇ ದಾರಿ, ಪಿಕ್ ಇಟ್ ಅಪ್. ಪಿಕ್ ಅಪ್ ಇಟ್ ಅನ್ನಂಗಿಲ್ಲ. ಸ್ವಿಚ್ ಇಟ್ ಆಫ್, ಥ್ರೋ ದೆಮ್ ಅವೇ, ಫಿಲ್ ಇಟ್ ಅಪ್, ಎಲ್ಲಾ ಹಂಗೇ. ಆದ್ರೆ ಲುಕ್ ಅಟ್ ಇಟ್ ಅನ್ನೋದನ್ನ ಲುಕ್ ಇಟ್ ಅಟ್ ಮಾಡಾಕೆ ಬರಲ್ಲ, ಲುಕ್ ಆಫ್ಟರ್ ಹಿಮ್‌ನ ಲುಕ್ ಹಿಮ್ ಆಫ್ಟರ್ ಮಾಡಾಕೂ ಬರಲ್ಲ, ಯಾಕಂದ್ರೆ ಅಲ್ಲಿ ಅಟ್, ಆಫ್ಟರ್ ನಿಜವಾದ ಪ್ರಿಪೊಸಿಷನ್, ಸರ್ವನಾಮದ ಮುಂದೇನೇ ನಿಲ್ತವೆ. ಪಿಕ್ ಅಪ್‌ನಲ್ಲಿರೋ ಅಪ್ ಕ್ರಿಯಾಪದಕ್ಕೆ ಸೇರಿದ್ದು. ಯಾವುದು ಯಾವ ಜಾತಿ ಅಂತ ಕಿವೀಲೇ ಹಿಡೀಬಹುದು. ಪಿಕ್ ಇಟ್ ಅಪ್ ಅನ್ನುವಾಗ ಒತ್ತು ಅಪ್ ಮೇಲೆ ಬೀಳ್ತತೆ, ಲುಕ್ ಅಟ್ ಇಟ್ ಅನ್ನುವಾಗ ಒತ್ತು ಲುಕ್ ಮೇಲೆ, ಅಟ್ ಇಟ್ ಎರಡೂ ಸೇರಿ ಸಣ್ಣಗೆ ಓಡಿಹೋಗ್ತವೆ. ಬಾಯಿಬಿಟ್ಟು ಎರಡನ್ನೂ ಒಮ್ಮೆ ಹೇಳಿ ನೋಡ್ರಿ, ಸುಮ್ನೆ ಓದಿದ್ರೆ ಗೊತ್ತಾಗಲ್ಲ.

ಹಿಂಗೆ ಸಣ್ಣಗೆ ಓಡಿಹೋಗೋದೇ ಇಂಗ್ಲಿಷ್ ನ್ಯೂಸ್, ಇಂಟರ್‌ವ್ಯೂ ವಿಡಿಯೊ ನೋಡುವಾಗ ನಮ್ಗೆ ತಲೆನೋವು. ಟೆಲ್ ಹಿಮ್ ಅನ್ನೋದು ಟೆಲ್ಲಿಮ್ ಅಂತ ಕೇಳಿಸ್ತತೆ, ಫಾರ್ ಹರ್ ಅನ್ನೋದು ಫರರ್, ಹಕಾರ ನುಂಗಿಬಿಡ್ತಾರೆ. ಅದು ಸೋಮಾರಿತನ ಅಲ್ಲ, ಅವರ ಮಾತಿನ ತಾಳಾನೇ ಹಂಗೆ. ನಮ್ಮ ಕಡೆ ಎಲ್ಲಾ ಪದಕ್ಕೂ ಸಮ ತೂಕ ಕೊಟ್ಟು ಗಿವ್, ಇಟ್, ಟು, ಹಿಮ್ ಅಂತ ಬಿಡಿಬಿಡಿಯಾಗಿ ಹೇಳ್ತೀವಿ. ಹಂಗೆ ಹೇಳಿದ್ರೆ ತಪ್ಪೇನಿಲ್ಲ, ಎಲ್ರಿಗೂ ಅರ್ಥ ಆಗ್ತತೆ, ಆದ್ರೆ ಕೇಳಿಸ್ಕೊಳ್ಳಾಕೆ ಆದ್ರೂ ಆ ಓಟ ಗೊತ್ತಿರ್ಬೇಕು.

ನನ್ನ ಮೇಲೆ ಅನ್ನೋದರ ಬಗ್ಗೆ ಒಂದ್ಮಾತು. ನನ್ನ ಮೇಲೆ ಸಿಟ್ಟು ಅಂತ ಆಂಗ್ರಿ ಆನ್ ಮಿ ಅನ್ಬ್ಯಾಡ್ರಿ, ಆಂಗ್ರಿ ವಿತ್ ಮಿ. ಅವನ ಮೇಲೆ ನಂಬಿಕೆ ಅಂದ್ರೆ ಟ್ರಸ್ಟ್ ಹಿಮ್, ಆನ್ ಬ್ಯಾಡ. ಅವಳ ಜೊತೆ ಮದುವೆ ಅಂತ ಮ್ಯಾರಿ ವಿತ್ ಹರ್ ಬ್ಯಾಡ, ಮ್ಯಾರಿ ಹರ್. ಡಿಪೆಂಡ್ ಆನ್ ಯು ಮಾತ್ರ ಪುಣ್ಯಕ್ಕೆ ನಮ್ಮ ಕನ್ನಡಕ್ಕೆ ಸರಿಯಾಗಿ ಹೊಂದ್ತತೆ. ಇನ್ನೊಂದು, ಛತ್ರಿ ಜೊತೆಗೆ ತಗೊಂಡು ಹೋಗು ಅನ್ನಾಕೆ ಟೇಕ್ ಆ್ಯನ್ ಅಂಬ್ರೆಲಾ ವಿತ್ ಯು, ಹಿಂದೆ ತಿರುಗಿ ನೋಡಿದೆ ಅನ್ನಾಕೆ ಐ ಲುಕ್ಡ್ ಬಿಹೈಂಡ್ ಮಿ, ಇಲ್ಲಿ ಯುವರ್‌ಸೆಲ್ಫ್, ಮೈಸೆಲ್ಫ್ ಬೇಕಿಲ್ಲ. ನನ್ನ ಫ್ರೆಂಡ್ ಒಬ್ಬ ಅನ್ನಾಕೆ ಎ ಫ್ರೆಂಡ್ ಆಫ್ ಮೈನ್. ಎ ಫೋಟೊ ಆಫ್ ಮಿ ಅಂದ್ರೆ ಫೋಟೊದಲ್ಲಿರೋದು ನಾನು, ಎ ಫೋಟೊ ಆಫ್ ಮೈನ್ ಅಂದ್ರೆ ಫೋಟೊ ನಂದು, ಅದ್ರಲ್ಲಿ ಯಾರಾದ್ರೂ ಇರಬಹುದು.

ಕೊನೇದು, ಪ್ರಿಪೊಸಿಷನ್ ವಾಕ್ಯದ ಕೊನೇಲಿ ಬರಬಾರ್ದು ಅಂತ ನಿಮ್ಮ ಲೆಕ್ಚರರ್ ಹೇಳಿದ್ದು. ಈ ತಕರಾರು ಹಳೇದು, ಜಾನ್ ಡ್ರೈಡನ್ ಅನ್ನೋ ಕವಿ 1672ರಲ್ಲೇ ಬೆನ್ ಜಾನ್ಸನ್ ಅನ್ನೋ ನಾಟಕಕಾರನ ಬರವಣಿಗೇಲಿ ಇದನ್ನ ತಪ್ಪು ಅಂತ ಎತ್ತಿ ತೋರ್ಸಿದ್ದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಸಲುಗೆ ಮಾತಿಗೆ ಇದು ಹೊಂದ್ತತೆ, ಗಂಭೀರ ಬರವಣಿಗೆಗೆ ಟು ಹೂಮ್ ಥರದ್ದು ಚೆಂದ ಅಂದ. ನನ್ನ ಪ್ರಕಾರ ಲೌತ್ ಹೇಳಿದ್ದೇ ಇವತ್ತಿಗೂ ಸರಿ. ಅರ್ಜೀಲಿ ಟು ಹೂಮ್ ಇಟ್ ಮೇ ಕನ್ಸರ್ನ್ ಇರ್ಲಿ. ಬಾಯಲ್ಲಿ ಮಾತ್ರ ಹೂ ಆರ್ ಯು ವೇಟಿಂಗ್ ಫಾರ್, ಹೂ ಶುಡ್ ಐ ಗಿವ್ ಇಟ್ ಟು ಅಂತಾನೇ ಕೇಳ್ರಿ. ಇಂಟರ್‌ವ್ಯೂ ರಿಸೆಪ್ಷನ್‌ನಲ್ಲಿ ನಿಂತ್ಕೊಂಡು ಫಾರ್ ಹೂಮ್ ಶುಡ್ ಐ ವೇಟ್ ಅಂದ್ರೆ ವ್ಯಾಕರಣ ಸರಿ ಇರ್ತತೆ, ಆದ್ರೆ ದಿನಾ ಇಂಗ್ಲಿಷ್ ಮಾತಾಡೋರು ಯಾರೂ ಹಂಗೆ ಕೇಳಲ್ಲ.