ಹಳೇ ರೈಲು ಟ್ರಾಲಿಗೆ ಹೊಸ ಎಂಜಿನ್ ಹಾಕಿಸೋದಾ, ಹಳೆಯದನ್ನೇ ರಿಪೇರಿ ಮಾಡಿಸೋದಾ?

ನಿಮ್ಮ ಟ್ರಾಲಿಯ ಎಂಜಿನ್ ಬಗ್ಗೆ ಹೀಗೆ ಕೇಳಿದ್ದೀರಿ. ನಿಮ್ಮದರಂಥದ್ದೇ ಫೇರ್‌ಮಾಂಟ್ ಮೋಟಾರ್ ಟ್ರಾಲಿಯನ್ನು, ಅಂದರೆ ಹಳಿ ನೋಡಿಕೊಳ್ಳುವವರು ಓಡಾಡುತ್ತಿದ್ದ ಪುಟ್ಟ ಎಂಜಿನ್ ಗಾಡಿಯನ್ನು, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ನಮ್ಮ ಹಳೇ ರೈಲು ಸಂಘಕ್ಕಾಗಿ ನಾನೂ ರಿಪೇರಿ ಮಾಡಿದ್ದೇನೆ. ನನಗೂ ಎಂಜಿನ್ನಿನದೇ ಯೋಚನೆ. ಆದರೆ ಕೈಕೊಟ್ಟಿದ್ದು ಚಕ್ರ.

ಚಕ್ರಕ್ಕೂ ಆಕ್ಸಲ್‌ಗೂ ನಡುವೆ ಕಂದು ಬಣ್ಣದ ಫೈಬರ್ ಬುಷ್, ಅಂದರೆ ಬಳೆಯಂಥ ತುಂಡು, ಇತ್ತು. ಎಣ್ಣೆ ಕುಡಿದು ಅಂಚು ಪುಡಿಯಾಗಿತ್ತು. ಸವೆದ ಪ್ಯಾಕಿಂಗ್ ಅಂದುಕೊಂಡು ಕಿತ್ತು ಹಾಕಿ, ಲೇತ್‌ನಲ್ಲಿ ಉಕ್ಕಿನ ಬುಷ್ ಮಾಡಿಸಿ ಕೂರಿಸಿದೆ. ಆ ಫೈಬರ್ ಇದ್ದದ್ದೇ ಕರೆಂಟ್ ತಡೆಯೋಕೆ! ಹಳಿಗಳಲ್ಲಿ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ. ರೈಲಿನ ಚಕ್ರ, ಆಕ್ಸಲ್ ಸೇರಿ ಎರಡೂ ಹಳಿಗಳನ್ನು ಕೂಡಿಸಿದಾಗ ರಿಲೇ ಅನ್ನೋ ವಿದ್ಯುತ್ ಸ್ವಿಚ್ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ, ಲೆವೆಲ್ ಕ್ರಾಸಿಂಗ್ ದೀಪ ಹತ್ತುತ್ತದೆ. ಟ್ರಾಲಿ ತೀರಾ ಹಗುರ. ತುಕ್ಕು ಹಿಡಿದ ಹಳಿ ಮೇಲೆ ಒಂದು ಕ್ಷಣ ಕೂಡಿಸುತ್ತದೆ, ಮರುಕ್ಷಣ ಇಲ್ಲ. ನಂಬೋ ಹಾಗಿಲ್ಲ ಅಂತಲೇ ಅದನ್ನು ಸಿಗ್ನಲ್ ವ್ಯವಸ್ಥೆಯಿಂದ ಪೂರ್ತಿ ದೂರ ಇಡುತ್ತಿದ್ದರು. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗಳಿಗೆ ಅಲ್ಲಿ ಫೆಟ್ಲರ್ ಅನ್ನುತ್ತಾರೆ. ಅವರು ರೈಲಿನ ವೇಳೆ ವಿಚಾರಿಸಿಕೊಂಡೇ ಹೊರಡುತ್ತಿದ್ದರು, ರೈಲು ಬರೋ ಮುಂಚೆ ಟ್ರಾಲಿಯನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು.

ನಮ್ಮದು ಹಳಿಗಿಳಿದಾಗ ಕ್ರಾಸಿಂಗ್ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಕಾಯುತ್ತಿದ್ದ ಕಾರೊಂದು ದೀಪ ಆರಿದ್ದೇ ತಡ, ನಮ್ಮೆದುರೇ ನುಗ್ಗಿತು. ಬ್ರೇಕ್ ಹಿಡಿಯಿತು, ಬದುಕಿದೆವು. ಆ ಸೀಸನ್ ಪೂರ್ತಿ ಓಡಿಸಲು ಅನುಮತಿ ಸಿಗಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಎರಡನೆಯದು. ಅದಕ್ಕೆ ಉತ್ತರ: ಹಳೇ ಎಂಜಿನ್ನೇ ಇರಲಿ. ಒಂದೇ ಸಿಲಿಂಡರಿನ ಆ ಟೂ-ಸ್ಟ್ರೋಕ್ ಎರಡೂ ಕಡೆ ತಿರುಗುತ್ತದೆ. ಹಿಂದಕ್ಕೆ ಹೋಗಬೇಕಾ? ನಿಲ್ಲಿಸಿ, ಉಲ್ಟಾ ತಿರುಗಿಸಿ ಸ್ಟಾರ್ಟ್ ಮಾಡಿ. ಹೊಸ ಎಂಜಿನ್‌ಗೆ ರಿವರ್ಸ್ ಗೇರ್ ಬೇಕು, ತೂಕ ಜಾಸ್ತಿ, ಎತ್ತಿಡೋಕೆ ಆಗಲ್ಲ. ಮೊದಲೆಲ್ಲ ಕೈಯಲ್ಲಿ ಪಂಪ್ ಮಾಡಿ ಓಡಿಸಬೇಕಿತ್ತು. ಆಸ್ಟ್ರೇಲಿಯಾದ ನಲ್ಲರ್‌ಬೋರ್ ಬಯಲನ್ನು ದಾಟುವ, 1917ರಲ್ಲಿ ಮುಗಿದ ಲೈನಿನಲ್ಲಿ 478 ಕಿ.ಮೀ. ತಿರುವೇ ಇಲ್ಲ. ಅಂಥ ಬಯಲಲ್ಲಿ ತೋಳಿನ ಬಲ ಎಷ್ಟು ದೂರ ಬರುತ್ತೆ ಹೇಳಿ? ಇಂಥ ಪುಟ್ಟ ಎಂಜಿನ್ ಬಂದ ಮೇಲೇ ಒಂದು ಗ್ಯಾಂಗ್ ಜಾಸ್ತಿ ದೂರ ನೋಡಿಕೊಳ್ಳಲು ಆಯಿತು. ಈಗ ಟ್ರಾಲಿಗಳ ಬದಲು ರಸ್ತೆ, ಹಳಿ ಎರಡರಲ್ಲೂ ಓಡುವ ಗಾಡಿಗಳು ಬಂದಿವೆ.

ಇವತ್ತೇ ಟ್ರಾಲಿಯನ್ನು ಹಳಿಯಿಂದ ಎತ್ತಿ, ಎಡಬಲ ಚಕ್ರಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಕರೆಂಟ್ ದಾಟುತ್ತಿದೆ ಅಂತ ಅರ್ಥ; ಎಂಜಿನ್ ಮುಟ್ಟಲೇಬೇಡಿ, ಬುಷ್ ಬದಲಿಸಿ. ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಅದನ್ನೂ ಅಳೆದು ತಿಳಿಸಿ. ವಿಕ್ಟೋರಿಯಾದ್ದು 1600 ಮಿ.ಮೀ., ನ್ಯೂ ಸೌತ್ ವೇಲ್ಸ್‌ದು 1435, ಕ್ವೀನ್ಸ್‌ಲ್ಯಾಂಡ್‌ದು 1067. ಆಕ್ಸಲ್ ಹುಡುಕೋಕೆ ಅದು ಬೇಕು.