ಕಿವಿ ಕೇಳದ ಮಗುವಿಗೆ ಸನ್ನೆ ಭಾಷೆ ಕಲಿಸಲು ವಿಡಿಯೊ ಸಾಕಾ, ಆಟದ ಆ್ಯಪ್ ಬೇಕಾ?

ಧಾರವಾಡದಲ್ಲಿರುವ ನಿಮ್ಮ ಮೂರು ವರ್ಷದ ಮಗಳ ಬಗ್ಗೆ ಕೇಳಿದ್ದೀರಿ. ಸುಮ್ನೆ ನೋಡುವ ವಿಡಿಯೊಗಿಂತ ಆಟ ಮೇಲು. ಆದರೆ ಮನೆಯಲ್ಲಿ ನಿಮ್ಮ ಕೈಯೂ ಮಾತಾಡಬೇಕು.

ನೋಡಿದರೆ ಸನ್ನೆ ಅರ್ಥವಾಗುತ್ತದೆ, ತಾನೇ ಮಾಡಲು ಬರುವುದು ತಡ. ಮಾತು ಬೆಳೆಯುವುದು ಉತ್ತರ ಸಿಕ್ಕಾಗ. ಕಿವಿ ಕೇಳುವ ಮಗು 'ನೀರು' ಅಂದರೆ ಅಮ್ಮ ಲೋಟ ಕೊಡುತ್ತಾಳೆ, ಅಲ್ವಾ? ಒಳ್ಳೆಯ ಆಟವೂ ಹಾಗೇ ಮಗುವಿನ ಕೈಗೆ ಕಾಯುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ರೂಪಿಸಿದ 'ಕಾಪಿಕ್ಯಾಟ್' ಆಟದಲ್ಲಿ ಮಗು ಕ್ಯಾಮೆರಾ ಎದುರು ಸನ್ನೆ ಮಾಡಬೇಕು. ಸರಿಯಾಗಿದ್ದರೆ ಪರದೆಯ ಬೆಕ್ಕು ಹೇಳಿದಂತೆ ಕೇಳುತ್ತದೆ. ತಪ್ಪಿದರೆ ಮತ್ತೊಮ್ಮೆ ಪ್ರಯತ್ನ.

ಅದು ಅಮೆರಿಕದ ಸನ್ನೆ, ನಮ್ಮದು ಬೇರೆ. ಭಾರತೀಯ ಸನ್ನೆ ಭಾಷೆಗೆ 2022ರಲ್ಲಿ 'ಸೈನ್ ಲರ್ನ್' ಆ್ಯಪ್ ಬಂದಿದೆ, 10,000 ಪದಗಳಿವೆ. ಅದು ನಿಘಂಟು, ಆಟವಲ್ಲ. ಹಾಗಾಗಿ ಅದರಿಂದ ಮೊದಲು ನೀವು ಕಲಿಯಿರಿ. ಮುಖವನ್ನೂ ಗಮನಿಸಿ: ಹುಬ್ಬು ಏರಿಸಿದರೆ ಅದೇ ಸನ್ನೆ ಪ್ರಶ್ನೆಯಾಗುತ್ತದೆ. ಇದನ್ನು ಮಕ್ಕಳು ಮೊಬೈಲ್‌ಗಿಂತ ಎದುರಿನ ಮುಖದಿಂದಲೇ ಜಾಸ್ತಿ ಕಲಿಯುತ್ತಾರೆ.

ತಟ್ಟೆಗೆ ರೊಟ್ಟಿ ಹಾಕುವಾಗ ರೊಟ್ಟಿಯ ಸನ್ನೆ ಮಾಡಿ. ಅವಳ ಕೈಗೂ ಸ್ವಲ್ಪ ಹೊತ್ತು ಕೊಡಿ.