ಸಾವಯವಕ್ಕೆ ಹೋದರೆ ಮೈಲುತುತ್ತ ಬಿಡಬೇಕಾ? ಕೊಳೆರೋಗ, ಸಬ್ಸಿಡಿ, ಸರ್ಟಿಫಿಕೇಟ್ ಬಗ್ಗೆ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದೆ. ಉತ್ತರ ಉದ್ದ ಆಗುತ್ತದೆ ಅಂತ ಬೆಳಗ್ಗೆಗೆ ಇಟ್ಟುಕೊಂಡೆ. ಹೊಸನಗರದ ಕಡೆ ಎರಡು ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಹೋದ ವರ್ಷ ಕೊಳೆಗೆ ಅರ್ಧ ಬೆಳೆ ಉದುರಿತು ಅಂತ ಬರೆದಿದ್ದೀರಿ. ಈಗ ಸಾವಯವಕ್ಕೆ ಹೋಗುವ ಮನಸ್ಸು. ಪಕ್ಕದ ತೋಟದವರು "ಬೋರ್ಡೊ ಹೊಡೆದರೆ ಸರ್ಟಿಫಿಕೇಟ್ ಸಿಗಲ್ಲ" ಅಂದಿದ್ದಾರೆ. ಬೋರ್ಡೊ ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಬೆರೆಸಿದ ಮದ್ದು. ಸರ್ಕಾರದ ಸಹಾಯ ಮಂಜೂರಾದ ಮೇಲೆ ಶುರು ಮಾಡೋಣ ಅಂತ ನೀವು ಕಾಯುತ್ತಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾಯಬೇಡಿ ಮಾರಾಯ್ರೆ. ಆಗಲೇ ಮೇ ಮೂರನೇ ವಾರ. ರೋಹಿಣಿ ಮಳೆ ಬಾಗಿಲಲ್ಲಿದೆ. ಮಳೆಯ ಕ್ಯಾಲೆಂಡರೇ ಬೇರೆ, ಕಚೇರಿಯ ಕ್ಯಾಲೆಂಡರೇ ಬೇರೆ. ಒಂದು ವರ್ಷ ಸಬ್ಸಿಡಿ ಮೈಲುತುತ್ತ ಬರುತ್ತದೆ ಅಂತ ನಂಬಿ ನಾನು ಅಂಗಡಿಯಲ್ಲಿ ತರಲಿಲ್ಲ. ಅದು ಕೈಗೆ ಸಿಕ್ಕಿದ್ದು ಆಶ್ಲೇಷ ಮಳೆಯಲ್ಲಿ, ಅಂದರೆ ಆಗಸ್ಟಿನಲ್ಲಿ. ಅಷ್ಟೊತ್ತಿಗೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಗೆ ಹಾಸಿತ್ತು. ಆಮೇಲಿಂದ ನನ್ನ ಲೆಕ್ಕ ಇಷ್ಟೇ: ತಡವಾದರೂ ನಷ್ಟವಿಲ್ಲದ್ದನ್ನು ಸರ್ಕಾರದಿಂದ ತೆಗೆದುಕೊಳ್ಳುವುದು. ತಡವಾದರೆ ಬೆಳೆ ಹೋಗುವಂಥದ್ದನ್ನು ನಮ್ಮ ದುಡ್ಡಿನಲ್ಲಿ ಮೊದಲೇ ತಂದು ಕೊಟ್ಟಿಗೆ ಅಟ್ಟದಲ್ಲಿ ಇಡುವುದು.

ಈಗ ಬೋರ್ಡೊ ವಿಷಯ. ಪಕ್ಕದವರ ಮಾತು ಪೂರ್ತಿ ಸರಿಯಲ್ಲ. ಹೊರಗಿನ ಸಂಸ್ಥೆ ಪರೀಕ್ಷಿಸಿ ಕೊಡುವ ಪ್ರಮಾಣೀಕರಣದ ಕೇಂದ್ರ ನಿಯಮ ಎನ್‌ಪಿಓಪಿಯಲ್ಲಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಬೋರ್ಡೊ ದ್ರಾವಣವನ್ನು ನಿಷೇಧಿಸಿಲ್ಲ. "ನಿರ್ಬಂಧಿತ" ಪಟ್ಟಿಯಲ್ಲಿ ಇಟ್ಟಿದ್ದಾರೆ. ಅಂದರೆ ಬೇರೆ ದಾರಿ ಇಲ್ಲದಾಗ, ಪ್ರಮಾಣೀಕರಣ ಸಂಸ್ಥೆಗೆ ತಿಳಿಸಿ, ಅವರ ಉಸ್ತುವಾರಿಯಲ್ಲಿ ಬಳಸಬೇಕು. ಮೊದಲೇ ಕಾಗದದಲ್ಲಿ ಬರೆದುಕೊಡಿ. ಹೊಡೆದು ಆಮೇಲೆ ಹೇಳಿದರೆ ತೊಂದರೆ. ಹೊಡೆದು ಹೇಳದೇ ಇದ್ದರೆ ಇನ್ನೂ ದೊಡ್ಡ ತೊಂದರೆ.

ನಮ್ಮ ಮಲೆನಾಡಿಗೂ ಈ ಮದ್ದಿಗೂ ನೂರು ವರ್ಷ ಮೀರಿದ ನಂಟು. ಫ್ರಾನ್ಸಿನ ಬೋರ್ಡೊ ಊರಿನ ಕಡೆ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ದಾರಿಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ಎರಚಿದ ಬಳ್ಳಿಗೆ ರೋಗ ಬರದ್ದನ್ನು ನೋಡಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ಮದ್ದು ಅಂತ ಪ್ರಕಟಿಸಿದರು. ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆಯ ಮೇಲೆ ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು, ಬೋರ್ಡೊವನ್ನು ಇಲ್ಲಿಗೆ ತಂದರು. ಅದಕ್ಕೂ ಮೊದಲು ನಮ್ಮ ಹಿರಿಯರ ಹತ್ತಿರ ಇದ್ದದ್ದು ಕೊಟ್ಟೆ ಮಾತ್ರ. ಅಡಿಕೆ ಕೊನೆಗೆ (ಗೊಂಚಲಿಗೆ) ಕೊಟ್ಟೆಯ ಹೊದಿಕೆ ಕಟ್ಟಿ ಮಳೆ ನೀರು ತಾಗದ ಹಾಗೆ ಮಾಡುತ್ತಿದ್ದರು. ಈಗಲೂ ಅದು ಕೆಲಸ ಮಾಡುತ್ತದೆ. ಮರ ಹತ್ತಿ ಕಟ್ಟುವ ಕೊನೆಗಾರ ಸಿಗಬೇಕಷ್ಟೆ.

ಬೋರ್ಡೊ ಮಾಡುವುದು ಎಲ್ಲರಿಗೂ ಗೊತ್ತು ಅಂದುಕೊಂಡೇ ಅರ್ಧ ಜನ ತಪ್ಪು ಮಾಡುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಒಳ್ಳೆಯ ಸುಟ್ಟ ಸುಣ್ಣ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಿ. ಕಬ್ಬಿಣದ ಪಾತ್ರೆ ಬೇಡವೇ ಬೇಡ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಅರಳಿಸಿ, ತಣಿಸಿ, ಸೋಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಉಲ್ಟಾ ಮಾಡಿದರೆ ದ್ರಾವಣ ಮೊಸರು ಒಡೆದ ಹಾಗೆ ಆಗಿ ತಳಕ್ಕೆ ಕೂರುತ್ತದೆ. ತಿಕ್ಕಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಬಣ್ಣ ಹತ್ತಿದರೆ ಸುಣ್ಣ ಕಡಿಮೆ ಅಂತ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡಿ. ಅಂಗಡಿಯ ಹಳೇ ಸುಣ್ಣದ ಪುಡಿ ತಂದರೆ ಒಂದಕ್ಕೆ ಒಂದು ಲೆಕ್ಕ ಸಾಲುವುದಿಲ್ಲ, ಕತ್ತಿಯೇ ಹೇಳುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸಿ.

ಮೊದಲ ಸುತ್ತು ಮಳೆ ಹಿಡಿಯುವ ಮೊದಲು, ಅಂದರೆ ಈಗ. ಎರಡನೆಯದು 40-45 ದಿನಕ್ಕೆ. ಜುಲೈಯ ಪುನರ್ವಸು, ಪುಷ್ಯ ಮಳೆಗಳ ನಡುವೆ ಎರಡು ದಿನ ಮಳೆ ಬಿಟ್ಟು ಹೊಳವು ಕೊಟ್ಟರೆ ಬಿಡಬೇಡಿ. ಉದ್ದ ಕೋಲಿನಿಂದ ಮದ್ದು ಹೊಡೆಯುವ ದೋಟಿಯವರಿಗೆ ಈಗಲೇ ಹೇಳಿ ಇಟ್ಟುಕೊಳ್ಳಿ. ಹೊಳವು ಬಂದ ದಿನ ಇಡೀ ಊರಿಗೆ ಅವರೇ ಬೇಕು. ಉದುರಿದ ಕೊಳೆ ಕಾಯಿ, ಒಣಗಿ ನಿಂತ ಕೊನೆ ತೋಟದಲ್ಲಿ ಬಿಡಬೇಡಿ. ರೋಗ ಅಲ್ಲಿಂದಲೇ ಮತ್ತೆ ಏಳುತ್ತದೆ. ಬಸಿಗಾಲುವೆಯ ಹೂಳು ತೆಗೆಸುವುದನ್ನು ಮೊದಲ ಮದ್ದಿಗಿಂತ ಮೊದಲೇ ಮಾಡಿ.

ಆದರೆ ಪಕ್ಕದವರ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ತಾಮ್ರ ಮಣ್ಣಿಗೆ ಬಿದ್ದರೆ ಎಲ್ಲೂ ಹೋಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಅಲ್ಲೇ ಸೇರುತ್ತದೆ. ಎರೆಹುಳಕ್ಕೆ ಅದು ಒಳ್ಳೆಯದಲ್ಲ. ಒಂದು ಲೆಕ್ಕ ಹಾಕಿ ನೋಡಿ. ಮೈಲುತುತ್ತದಲ್ಲಿ ಸುಮಾರು ಕಾಲು ಭಾಗ ತಾಮ್ರ. ಎಕರೆಗೆ 200 ಲೀಟರಿನ ಎರಡು ಡ್ರಮ್ ಹೊಡೆದರೆ 4 ಕೆಜಿ ಮೈಲುತುತ್ತ, ಅಂದರೆ 1 ಕೆಜಿ ತಾಮ್ರ. ಎರಡು ಸುತ್ತಿಗೆ 2 ಕೆಜಿ. ಹೆಕ್ಟೇರಿಗೆ 5 ಕೆಜಿ ಆಯಿತು. ಯುರೋಪಿನಲ್ಲಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ದಾಟಬಾರದು ಅಂತ ನಿಯಮ. ಸರಾಸರಿ ವರ್ಷಕ್ಕೆ 4. ನಾವು ಎರಡೇ ಸುತ್ತಿನಲ್ಲಿ ಅದನ್ನು ದಾಟುತ್ತೇವೆ! ಹಾಗಾಗಿ ನಾನು ಮಾಡುವುದು ಹೀಗೆ: ಅಡಿಕೆ ಕೊನೆಗೆ ಮಾತ್ರ ಹೊಡೆಸುತ್ತೇನೆ, ಸೋಗೆಗೆಲ್ಲ ಸ್ನಾನ ಮಾಡಿಸುವುದಿಲ್ಲ. ಹೊಳೆ ಬದಿಯ, ಪ್ರತಿವರ್ಷ ಮೊದಲು ಕೊಳೆ ಬರುವ ನೂರು ಮರಕ್ಕೆ ಮೂರನೇ ಸುತ್ತಿನ ಬದಲು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸುತ್ತೇನೆ. ಅದೂ ಮಳೆ ಹಿಡಿಯುವ ಮೊದಲೇ.

"ಬೋರ್ಡೊ ಬದಲು ಟ್ರೈಕೋಡರ್ಮಾ ಹೊಡೆದರಾಯಿತಲ್ವಾ" ಅಂತ ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಬರೆದಿದ್ದಾರೆ. ಅಡಿಕೆ ಕೊನೆಯ ಕೊಳೆಗೆ ಆ ಉಪಕಾರಿ ಶಿಲೀಂಧ್ರವನ್ನೇ ನಂಬಿ ಕೂರಬೇಡಿ. ನಾನು ಒಂದು ವರ್ಷ ಹಠಕ್ಕೆ ಬಿದ್ದು ಬೋರ್ಡೊ ಬಿಟ್ಟು ನೋಡಿದ್ದೇನೆ. ಜುಲೈ ಕೊನೆಗೆ ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದರು. ಟ್ರೈಕೋಡರ್ಮಾದ ಜಾಗ ಮಣ್ಣು. ನಿಮ್ಮ ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ ಅದು ಬೇಕೇ ಬೇಕು. ಕೊಳೆ ತರುವ ಶಿಲೀಂಧ್ರದಂಥ ಜೀವಿಯ ಕುಲದ್ದೇ ಈ ಸೊರಗು ತರುವುದು, ಎರಡೂ ಫೈಟಾಫ್ತೊರಾ. 100 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಟ್ರೈಕೋಡರ್ಮಾ ಬೆರೆಸಿ. ಹಿಂಡಿದರೆ ಉಂಡೆಯಾಗುವಷ್ಟು ಹಸಿ ಇರಲಿ. ನೆರಳಲ್ಲಿ ಗೋಣಿ ಮುಚ್ಚಿ ಹದಿನೈದು ದಿನ ಇಡಿ, ನಡುವೆ ಒಮ್ಮೆ ಮಗುಚಿ. ಬಿಳಿ-ಹಸಿರು ಬೂಷ್ಟು ಹಿಡಿದ ಮೇಲೆ ಬಳ್ಳಿಯ ಬುಡಕ್ಕೆ ಕೊಡಿ. ಅದೇ ಬುಡಕ್ಕೆ ತಾಮ್ರದ ಮದ್ದು ಸುರಿದರೆ ಈ ಶ್ರಮವೆಲ್ಲ ಹೋಯಿತು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ಅಲ್ವಾ, ತಾಮ್ರಕ್ಕೆ ಒಳ್ಳೆಯವರು ಕೆಟ್ಟವರು ಅನ್ನುವ ಭೇದ ಇಲ್ಲ. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ಅವಧಿ ಮುಗಿಯುವ ದಿನ ನೋಡಿಯೇ ತನ್ನಿ. "ಬಯೋ" ಅಂತ ಬರೆದು ಒಳಗೆ ಏನಿದೆ ಅಂತ ಬರೆಯದ ಬಾಟಲಿ ಮುಟ್ಟಬೇಡಿ, ಸರ್ಟಿಫಿಕೇಟ್ ಹೋಗುವುದು ಅಂಥದ್ದರಿಂದ.

ಇನ್ನು ದುಡ್ಡು. ನೀವು ಕೇಳಿದ್ದು 2015ರಲ್ಲಿ ಶುರುವಾದ ಪರಂಪರಾಗತ ಕೃಷಿ ವಿಕಾಸ ಯೋಜನೆ. ಪೇಪರಿನಲ್ಲಿ ಬರುವ ಅಂಕಿ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ. ಅದರಲ್ಲಿ ರೈತರ ಖಾತೆಗೆ ನೇರ ಬರುವುದು 15,000. ಉಳಿದದ್ದು ತರಬೇತಿ, ಪ್ರಮಾಣೀಕರಣ, ಪ್ಯಾಕಿಂಗ್, ಮಾರಾಟದ ಲೆಕ್ಕಕ್ಕೆ. ನಿಮ್ಮ ಎರಡು ಎಕರೆ ಅಂದರೆ 0.8 ಹೆಕ್ಟೇರ್. ಮೂರು ವರ್ಷಕ್ಕೆ 12,000, ವರ್ಷಕ್ಕೆ 4,000. ಬೇಡ ಅನ್ನುವ ದುಡ್ಡಲ್ಲ. ಆದರೆ ಇದನ್ನು ನಂಬಿ ತೋಟದ ಪದ್ಧತಿ ಬದಲಿಸುವಷ್ಟೂ ಅಲ್ಲ. ಒಬ್ಬರೇ ಹೋದರೆ ಕೊಡುವುದಿಲ್ಲ, ಗುಂಪಾಗಿ ಹೋಗಬೇಕು.

ನನ್ನ ಪ್ರಕಾರ ಆ ಗುಂಪೇ ಯೋಜನೆಯ ನಿಜವಾದ ಲಾಭ. ಪಿಜಿಎಸ್ ಎಂಬ ಪ್ರಮಾಣೀಕರಣ ಪದ್ಧತಿಯಲ್ಲಿ ಕನಿಷ್ಠ ಐದು ಜನ ರೈತರು ಸೇರಿ ಒಬ್ಬರ ತೋಟ ಒಬ್ಬರು ನೋಡಿ ಸಹಿ ಹಾಕುತ್ತಾರೆ. ಪರಿವರ್ತನೆಯಲ್ಲಿ ಇರುವಾಗ ಪಿಜಿಎಸ್ ಗ್ರೀನ್, ಮುಗಿದ ಮೇಲೆ ಪಿಜಿಎಸ್ ಆರ್ಗ್ಯಾನಿಕ್. ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಹಿಡಿಯುತ್ತದೆ. ಡೈರಿ ಬರೆಯಲೇಬೇಕು. ಬೋರ್ಡೊ ಹೊಡೆದ ದಿನ, ಎಷ್ಟು ಕೆಜಿ, ಯಾವ ಭಾಗಕ್ಕೆ, ಎಲ್ಲ ಅಲ್ಲೇ ಬರಲಿ. ನಾನು ಎರಡನೇ ವರ್ಷ ದೊಡ್ಡ ಫಾರಂ ಒಂದರ ಕೋಳಿಗೊಬ್ಬರ ಅಗ್ಗಕ್ಕೆ ಸಿಕ್ಕಿತು ಅಂತ ಲಾರಿ ತರಿಸಿದ್ದೆ. ನೋಡಲು ಬಂದ ಗುಂಪಿನವರು ಅಂಥ ಗೊಬ್ಬರ ನಡೆಯುವುದಿಲ್ಲ ಅಂತ ಮುಲಾಜಿಲ್ಲದೆ ನನ್ನನ್ನು ಗ್ರೀನ್‌ನಲ್ಲೇ ಇನ್ನೊಂದು ವರ್ಷ ಕೂರಿಸಿದರು. ಆಗ ಸಿಟ್ಟು ಬಂದಿತ್ತು. ಈಗ ಅವರೇ ನನ್ನ ತೋಟಕ್ಕೆ ರೋಗ ಬಂದರೆ ನನಗಿಂತ ಮೊದಲು ಹೇಳುವವರು. ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಮಾತ್ರ ಎನ್‌ಪಿಓಪಿ ಸರ್ಟಿಫಿಕೇಟ್. ಅದಕ್ಕೆ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಇದೆ.

ನವೆಂಬರ್ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ನೈಸರ್ಗಿಕ ಕೃಷಿ ಮಿಷನ್ ಬೇರೆಯದು. ಜೀವಾಮೃತದಂಥ ಒಳಸುರಿ ಊರಲ್ಲೇ ಮಾಡಿ ಕೊಡುವ ಕೇಂದ್ರಗಳ ಮಾತು ಅದರಲ್ಲಿದೆ. ಎರಡನ್ನೂ ಕಲಸಿಕೊಳ್ಳಬೇಡಿ. ತಾಲೂಕು ತೋಟಗಾರಿಕೆ ಕಚೇರಿಗೆ ಹೋಗುವಾಗ ಪಹಣಿ, ಆಧಾರ್, ಪಾಸ್‌ಬುಕ್ ಜೊತೆ ಎಫ್‌ಐಡಿ (ರೈತರ ನೋಂದಣಿ) ಸಂಖ್ಯೆ ಇರಲಿ. ಜಂಟಿ ಖಾತೆಯ ಪಹಣಿ ಆದರೆ ಅದನ್ನು ಮೊದಲು ಸರಿ ಮಾಡಿಕೊಳ್ಳಿ, ಅರ್ಧ ಅರ್ಜಿ ನಿಲ್ಲುವುದೇ ಅಲ್ಲಿ. ಮೈಲುತುತ್ತಕ್ಕೆ ಈ ವರ್ಷ ಅನುದಾನ ಇದೆಯಾ ಅಂತ ಹಾಗೇ ಕೇಳಿ. ಇದ್ದರೆ ಬಿಲ್ ಜಿಎಸ್‌ಟಿ ಸಮೇತ ಬೇಕಾಗಬಹುದು, ಈಗ ಕೊಳ್ಳುವಾಗಲೇ ಬಿಲ್ ತಗೊಳ್ಳಿ.

ಹವಾಮಾನ ಆಧಾರಿತ ಬೆಳೆ ವಿಮೆ ಮಾತ್ರ ತಪ್ಪಿಸಬೇಡಿ. ರೈತರ ಪಾಲು ವಿಮಾ ಮೊತ್ತದ ಶೇಕಡಾ 5. ಸಾವಯವ ಇರಲಿ ಬಿಡಲಿ ಅದಕ್ಕೆ ಸಂಬಂಧವಿಲ್ಲ. ಒಂದು ವಿಷಯ ತಿಳಿದಿರಲಿ: ಅವರು ನಿಮ್ಮ ಕೊಳೆತ ಕೊನೆ ನೋಡಲು ಬರುವುದಿಲ್ಲ. ಪಂಚಾಯಿತಿಯ ಮಳೆಮಾಪಕದ ಅಂಕಿ ನೋಡಿ ಲೆಕ್ಕ ಹಾಕುತ್ತಾರೆ. ರೋಗ ಜೋರಿದ್ದೂ ದುಡ್ಡು ಕಡಿಮೆ ಬರಬಹುದು, ರೋಗ ಇಲ್ಲದೆಯೂ ಬರಬಹುದು.

ಬೆಲೆ ಬಗ್ಗೆ ಆಸೆ ಇಟ್ಟುಕೊಂಡಿದ್ದೀರಿ ಅನಿಸಿತು. ನಾನು ಅಡಿಕೆ ಹಾಕುವ ಮಂಡಿಯಲ್ಲಿ ಸಾವಯವ ರಾಶಿ ಅಡಿಕೆ ಅಂತ ಬೇರೆ ಟೆಂಡರ್ ಇಲ್ಲ. ನನಗೆ ಹೆಚ್ಚು ಸಿಕ್ಕಿದ್ದು ಕಾಳುಮೆಣಸಿಗೆ ಮಾತ್ರ. ಹಾಗಾಗಿ ನೀವೂ ಬಳ್ಳಿ ಉಳಿಸಿಕೊಳ್ಳುವ ಕಡೆ ಜಾಸ್ತಿ ಗಮನ ಕೊಡಿ.

ನೀವು ಹಾಕಿದ ಎರಡನೇ ಫೋಟೋದಲ್ಲಿ ಸೋಗೆಯ ಮೇಲೆ ಕಂದು ಚುಕ್ಕಿ, ಸುತ್ತ ಹಳದಿ ಅಂಚು ಇದ್ದ ಹಾಗೆ ಕಾಣುತ್ತಿದೆ. ಅದು ಕೊಳೆ ಅಲ್ಲ, ಎಲೆಚುಕ್ಕಿ ಇರಬಹುದು. ಹಾಗಿದ್ದರೆ ಅದಕ್ಕೆ ಹೇಳುವ ಪ್ರೊಪಿಕೊನಜೋಲ್ ಎಂಬ ರಾಸಾಯನಿಕ ಸಾವಯವದಲ್ಲಿ ನಡೆಯುವುದಿಲ್ಲ, ಲೆಕ್ಕವೇ ಬೇರೆಯಾಗುತ್ತದೆ. ಬಿದ್ದ ಸೋಗೆಯ ಎಲೆ ಒಂದನ್ನು ಬಿಸಿಲಿಗೆ ಹಿಡಿದು ಹತ್ತಿರದಿಂದ ಇನ್ನೊಂದು ಫೋಟೋ ಹಾಕಿ. ಸಂಜೆ ನೋಡಿ ಹೇಳುತ್ತೇನೆ.